ನೋವಿಗೆ ಸಾಕ್ಷಿ ಯಾರು?

ಜ್ವರವನ್ನು ಅಳೆಯಲು ಉಷ್ಣಮಾಪಕವುಂಟು. ರಕ್ತದ ಒತ್ತಡಕ್ಕೂ ಉಪಕರಣವುಂಟು. ನೋವನ್ನು ನೇರವಾಗಿ ಅಳೆದು ಹೇಳುವ ಯಂತ್ರವನ್ನು ಮಾತ್ರ ಯಾವ ಆಸ್ಪತ್ರೆಯಲ್ಲಿಯೂ ಕಾಣಲಾರಿರಿ. ನೋವಿಗೆ ಅದನ್ನು ಅನುಭವಿಸುವವನೊಬ್ಬನೇ ಸಾಕ್ಷಿ. ಆ ಸಾಕ್ಷಿಯೇ ಬಾಯಿ ಬಿಡದಿದ್ದರೆ ವೈದ್ಯರು ನಿರ್ಣಯಕ್ಕೆ ಬರುವುದೆಂತು?

ಘಟ್ಟದ ಬುಡದಲ್ಲಿರುವ ಚಾರ್ಮಾಡಿಯಂತಹ ಊರುಗಳಲ್ಲಿ, ಅಡಕೆಯ ತೋಟದಲ್ಲಿ ವರ್ಷಗಟ್ಟಲೆ ಬಾಗಿ ದುಡಿದವರಿಗೆ ಸೊಂಟನೋವು ಹೊಸತಲ್ಲ. ಬಸ್ಸು ಹತ್ತಿ ಬೆಳ್ತಂಗಡಿಗೋ ಮಂಗಳೂರಿಗೋ ಹೋಗಿ, ಸರದಿಯಲ್ಲಿ ಕಾದು, ಕೊನೆಗೆ “ಸೊಂಟ ನೋವು” ಎಂದಷ್ಟೇ ಹೇಳಿ ಸುಮ್ಮನಾಗುವವರುಂಟು. ಕ್ಷ-ಕಿರಣದ ಚಿತ್ರದಲ್ಲಿ ದೋಷ ಕಾಣದಿದ್ದರೆ, “ಏನೂ ಇಲ್ಲವಂತೆ” ಎಂದು ಮರಳಿ, ಅಂಗಡಿಯ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಅಂತಹ ಮಾತ್ರೆಗಳಲ್ಲಿ ಹಲವು ಜಠರದಲ್ಲಿ ಹುಣ್ಣನ್ನೂ ಮೂತ್ರಪಿಂಡಗಳಿಗೆ ಹಾನಿಯನ್ನೂ ಉಂಟುಮಾಡಬಲ್ಲವು.

ಚಿತ್ರದಲ್ಲಿ ಕಾಣದುದೆಲ್ಲವೂ ಸುಳ್ಳಲ್ಲ. ಕ್ಷ-ಕಿರಣವು ಎಲುಬನ್ನು ತೋರಿಸೀತು. ನರಗಳ ವರ್ತನೆಯನ್ನು ತೋರಿಸದು. ಕಳ್ಳನು ಓಡಿಹೋದ ಮೇಲೂ ಬೊಗಳುತ್ತಿರುವ ನಾಯಿಯಂತೆ, ಪೆಟ್ಟು ಮಾಗಿದ ಮೇಲೂ ನರಮಂಡಲವು ನೋವಿನ ಸಂಜ್ಞೆಯನ್ನು ಕಳುಹುತ್ತಲೇ ಇರಬಹುದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ, 3 ತಿಂಗಳನ್ನು ಮೀರಿದ ದೀರ್ಘಕಾಲಿಕ ನೋವಿಗೆ ತನ್ನದೇ ಸ್ಥಾನವಿದೆ. ನೋವನ್ನು ಕುರಿತು ರೋಗಿಯು ಹೇಳುವ ಮಾತನ್ನು ಗೌರವಿಸಬೇಕೆಂದು ಈ ವಿಷಯದ ಅಂತರರಾಷ್ಟ್ರೀಯ ವಿದ್ವತ್ಸಂಘವೂ 2020ರಲ್ಲಿ ಸ್ಪಷ್ಟಪಡಿಸಿತು.

ಆದುದರಿಂದ ರೋಗಿಯು ಸಿದ್ಧನಾಗಿ ಹೋಗಬೇಕು. ಪ್ರಯೋಗಶಾಲೆಯ ದಾಖಲೆಯಂತೆ ಒಂದು ವಾರದ ನೋವನ್ನು ಬರೆದಿಡಲಿ. ಎಲ್ಲಿ, ಯಾವಾಗ, ಯಾವ ಕೆಲಸದಿಂದ ಹೆಚ್ಚುತ್ತದೆ? ಉರಿಯೋ, ಜೋಮೋ, ಸೆಳೆತವೋ? ಉರಿ ಮತ್ತು ಜೋಮು ನರದ ತೊಂದರೆಯನ್ನು ಸೂಚಿಸಬಹುದು. ಬೆಳಗಿನಲ್ಲಿ ಬಹುಹೊತ್ತು ಉಳಿಯುವ ಬಿಗಿತವು ಕೀಲುಗಳ ಉರಿಯೂತವನ್ನು ಸೂಚಿಸಬಹುದು. ನುಂಗಿದ ಮಾತ್ರೆಗಳನ್ನು ಮುಚ್ಚಿಡಬಾರದು. ಮನೆಮಾತು ತುಳುವಾದರೆ ತುಳುವಿನಲ್ಲಿಯೇ ಹೇಳಲಿ. ಬೇಕಾದರೆ ಜೊತೆಗೆ ಬಂದವರು ವಿವರಿಸಲಿ. ಆದರೆ ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂದು ಹಿರಿಯರು ಅಳುಕುವುದುಂಟು. “ಇದಕ್ಕೆ ಕಾರಣವೇನಿರಬಹುದು? ಗುಣ ಕಾಣದಿದ್ದರೆ ಮುಂದೇನು?” ಎಂಬ ಪ್ರಶ್ನೆಗಳಲ್ಲಿ ಅವಿನಯವೆಲ್ಲಿದೆ? ಅವು ಚಿಕಿತ್ಸೆಗೆ ನೆರವೇ ಹೊರತು ವೈದ್ಯರಿಗೆ ಸವಾಲಲ್ಲ. ರೋಗಿಯು ಕೇಳಿದರೆ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯವೃತ್ತಿ ನಿಯಮಾವಳಿಯೇ ವಿಧಿಸಿದೆ. ಮತ್ತೊಬ್ಬ ವೈದ್ಯರ ಅಭಿಪ್ರಾಯವನ್ನು ಪಡೆಯಲು ಆ ದಾಖಲೆಗಳೇ ಆಧಾರ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಜ್ಜಿಗೆ ಬರೆಯಲು ಬಾರದಿರಬಹುದು; ನಿಮಗೆ ಬರುತ್ತದೆ. ಅವರ ಬಳಿ ಕುಳಿತು, ಅವರಾಡಿದ ಮಾತಿನಲ್ಲಿಯೇ ಅವರ ನೋವನ್ನು ಬರೆದುಕೊಡಿ.