ದಾಖಲೆ ಮಾಡುವ ಮೊದಲು ದಾಖಲೆ ಇಡೋಣ

ಇತ್ತೀಚಿನ ದಿನಗಳಲ್ಲಿ ಸಂಘ-ಸಂಸ್ಥೆಗಳ ಸಭೆಗಳಲ್ಲಿ ವಿಶ್ವದಾಖಲೆಯ ಮಾತು ಆಗಾಗ ಕೇಳಿಬರುತ್ತಿದೆ. ವಾರ್ಷಿಕೋತ್ಸವ ಬಂತೆಂದರೆ ಸಾವಿರ ಜನರ ಕುಣಿತವೋ, ಬೀದಿಯುದ್ದದ ದೋಸೆಯೋ ಮಾಡಿ ಗಿನ್ನೆಸ್ ಪುಸ್ತಕ ಸೇರೋಣ ಎನ್ನುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಉತ್ಸಾಹ ಒಳ್ಳೆಯದೇ. ಆದರೆ ಸದಸ್ಯರ ವಂತಿಗೆ ಹಣ ಖರ್ಚಾಗುವ ಮೊದಲು ಕೆಲವು ವಿಚಾರ ತಿಳಿದಿರುವುದು ಲೇಸು.

ನಮ್ಮ ಖಾಪರಖೇಡಾದವರು ದಾಖಲೆ ನೋಡಲು ದೂರ ಹೋಗಬೇಕಿಲ್ಲ. ನಾಗಪುರದ ಜ್ಯೋತಿ ಆಮ್ಗೆ 62.8 ಸೆಂ.ಮೀ. ಎತ್ತರದವರು. 2011ರಲ್ಲಿ ತಮ್ಮ 18ನೇ ಹುಟ್ಟುಹಬ್ಬದಂದು ಜಗತ್ತಿನ ಅತಿ ಕಡಿಮೆ ಎತ್ತರದ ಮಹಿಳೆ ಎಂದು ಗಿನ್ನೆಸ್ ಮಾನ್ಯತೆ ಪಡೆದರು. ವಾರ್ಧಾ ರಸ್ತೆಯ 3.14 ಕಿ.ಮೀ. ಉದ್ದದ ಎರಡಂತಸ್ತಿನ ಮೆಟ್ರೊ ಸೇತುವೆಗೆ 2022ರಲ್ಲಿ ಪ್ರಮಾಣಪತ್ರ ಬಂತು. ಎರಡೂ ಅಳತೆಗೆ ಸಿಕ್ಕಿದವು.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಸಂಖ್ಯೆಗಳನ್ನು ಆರಿಸಿಕೊಟ್ಟದ್ದು ಅಲ್ಲಿನ ಕಂಪ್ಯೂಟರ್ ವಿಭಾಗ, ಅವರ ಕಡೆಯವರಲ್ಲ. ಪ್ರಮಾಣಪತ್ರ ಕುಟುಂಬದ ಕೈ ಸೇರಿದ್ದು 2020ರಲ್ಲಿ, ಅವರು ತೀರಿಕೊಂಡು 7 ವರ್ಷಗಳ ನಂತರ. ಆದರೂ ಸಾಧನೆ ಅಳಿಯಲಿಲ್ಲ. ಏಕೆಂದರೆ ಲೆಕ್ಕ ಬರಹದಲ್ಲಿತ್ತು.

2020ರಲ್ಲೇ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ, ಉಸೇನ್ ಬೋಲ್ಟ್ ಅವರ 9.58 ಸೆಕೆಂಡಿನ ದಾಖಲೆ ಮುರಿಯಿತೆಂದು ದೇಶವೇ ಕುಣಿಯಿತು. ಆದರೆ ಕೆಸರುಗದ್ದೆಯಲ್ಲಿ ಕೋಣಗಳ ವೇಗದೊಂದಿಗೆ ಓಡುವುದು ಬೇರೆ, ಟ್ರ್ಯಾಕಿನಲ್ಲಿ ಒಂಟಿಯಾಗಿ ಓಡುವುದು ಬೇರೆ. ಗೌಡರ ಸಾಮರ್ಥ್ಯ ಇದರಿಂದ ಕಡಿಮೆಯಾಗಲಿಲ್ಲ, ಹೋಲಿಕೆ ಮಾತ್ರ ನಿಲ್ಲಲಿಲ್ಲ.

ಗಿನ್ನೆಸ್ ನಿಯಮ ಸರಳ. ಸಾಧನೆ ಅಳೆಯುವಂತಿರಬೇಕು, ಇನ್ನೊಬ್ಬರು ಮುರಿಯುವಂತಿರಬೇಕು, ಪುರಾವೆ ಇರಬೇಕು. ಮೊದಲು ಅಂತರ್ಜಾಲದಲ್ಲಿ ಅರ್ಜಿ ಹಾಕಬೇಕು. ಸಾಮಾನ್ಯ ಅರ್ಜಿಯಾದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಬೇಗ ಬೇಕೆಂದರೆ, ತೀರ್ಪುಗಾರರನ್ನು ಕರೆಸಬೇಕೆಂದರೆ ದುಡ್ಡು. ಅವರು ಕಳಿಸುವ ನಿಯಮಾವಳಿಯಂತೆ ಸಂಬಂಧವಿಲ್ಲದ ಸಾಕ್ಷಿಗಳ ಹೇಳಿಕೆ, ವಿಡಿಯೊ, ಅಳತೆಯ ದಾಖಲೆ ಒದಗಿಸಬೇಕು. ದೊಡ್ಡ ತಿಂಡಿ ಮಾಡಿದರೆ ಅದನ್ನು ಚೆಲ್ಲುವಂತಿಲ್ಲ, ಜನ ತಿನ್ನಬೇಕು. ಗೆದ್ದವರಿಗೆ ನಗದು ಬಹುಮಾನವೂ ಇಲ್ಲ. ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಒಂದು ರೂಪಾಯಿಯೂ ಕದಲುವುದಿಲ್ಲವಲ್ಲ, ಇದೂ ಹಾಗೆಯೇ.

ಕನ್ನಡದಲ್ಲಿ ಸಾಧನೆಗೂ ಕಾಗದಪತ್ರಕ್ಕೂ ದಾಖಲೆ ಎಂಬುದು ಒಂದೇ ಪದ. ಎರಡನೆಯದಿಲ್ಲದೆ ಮೊದಲನೆಯದಿಲ್ಲ. ಆದ್ದರಿಂದ ಪದಾಧಿಕಾರಿಗಳಲ್ಲಿ ವಿನಂತಿ: ಸಾವಿರ ಜನರನ್ನು ಸೇರಿಸುವ ಖರ್ಚು ಬೇಡ. ಲೆಕ್ಕದಲ್ಲೋ ಯೋಗದಲ್ಲೋ ನಿಜವಾದ ಪ್ರತಿಭೆಯಿರುವ ಮಗು ನಮ್ಮ ನಡುವೆ ಇದ್ದರೆ, ಅದರ ಪರವಾಗಿ ಸಾಮಾನ್ಯ ಅರ್ಜಿ ಹಾಕೋಣ, ಸಾಕ್ಷಿ-ಪುರಾವೆ ಜೋಡಿಸಿಕೊಡೋಣ. ಅಂಥ ಮಗು ಸಿಗುವವರೆಗೆ ಕನ್ನಡ ತರಗತಿಯ ಹಾಜರಿ ಪುಸ್ತಕವನ್ನು ಪ್ರತಿ ಭಾನುವಾರ ತಪ್ಪದೆ ತುಂಬಿಸೋಣ. ಗಿನ್ನೆಸ್‌ನವರು ಅದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ, ನಿಜ. ಆದರೆ ಹೊರನಾಡಿನಲ್ಲಿ ಕನ್ನಡ ಉಳಿಯಿತೆಂದು ನಾಳೆ ಹೇಳಲು ನಮಗಿರುವ ದಾಖಲೆ ಅದೇ.