ಯಜಮಾನ್ರು ಬರೋವರೆಗೂ ಕಾಯಬೇಡ್ರೀ

ಅಕ್ಕ, ಅತ್ತಿಗೆ, ಪಕ್ಕದ್ಮನೆ ಆಂಟಿ, ಎಲ್ರೂ ಬೈಕೊಂಡ್ರೂ ಪರವಾಗಿಲ್ಲ, ಇವತ್ತು ಹೇಳೇಬಿಡ್ತೀನಿ. ನಮ್ಮ ಪೀಣ್ಯದ ಮನೆಗಳಲ್ಲಿ ಲಕ್ವ ಹೊಡೆದ ಹೆಂಗಸರನ್ನ ಮೂಲೆಗೆ ಕೂರಿಸೋದರಲ್ಲಿ ಒಂದು ಮಾತಿನ ಪಾಲು ದೊಡ್ಡದು: ‘ಯಜಮಾನ್ರು ಶಿಫ್ಟ್ ಮುಗಿಸ್ಕೊಂಡು ಬರ್ಲಿ, ಕೇಳಿ ನೋಡೋಣ.’

ಗಂಡಸಿಗೆ ಬಾಯಿ ಸೊಟ್ಟಗಾದ್ರೆ ಮನೆ ಮುಂದೆ ಆಟೋ ಬರುತ್ತೆ. ಹೆಂಗಸಿಗೆ ಎಡಗೈ ಸೋತುಹೋದ್ರೆ ‘ಬಟ್ಟೆ ಒಗೆದು ಸುಸ್ತಾಗಿದೆ, ಜೋಮು ಹಿಡಿದಿರಬೇಕು, ಸ್ವಲ್ಪ ಮಲಕ್ಕೋ’ ಅಂತೀವಿ. ಅವಳೂ ಮಲಕ್ಕೋತಾಳೆ. ಬೆಳಿಗ್ಗೆ ಏಳೋಕೆ ಹೋದ್ರೆ ಕಾಲೂ ಬರಲ್ಲ. ಆಗ ಬೀದಿ ಕ್ಲಿನಿಕ್ಕಲ್ಲಿ ಒಂದು ಬಾಟ್ಲಿ ಗ್ಲೂಕೋಸ್. ಆಮೇಲೆ ಯಾರೋ ಹೇಳಿದ್ರು ಅಂತ ಪಾರಿವಾಳದ ರಕ್ತ ತಿಕ್ಕೋದು. ಪಾರಿವಾಳ ಸಾಯುತ್ತೆ, ಕೈ ಹಂಗೇ ಇರುತ್ತೆ ಕಣ್ರೀ.

ಯಾಕಂದ್ರೆ ಕೆಟ್ಟಿರೋದು ತಲೆ ಒಳಗಿನ ರಕ್ತನಾಳ. ಮೆದುಳಿನ ಬಲಗಡೆ ಏಟು ಬಿದ್ರೆ ಎಡ ಕೈಕಾಲು ಸೋಲುತ್ತೆ. ಎಡಗಡೆ ಬಿದ್ರೆ ಬಲ ಕೈಕಾಲು, ಎಷ್ಟೋ ಸಲ ಮಾತೂ ಹೋಗುತ್ತೆ. ದೊಡ್ಡ ನಾಳ ಕಟ್ಟಿಕೊಂಡ್ರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತವೆ. ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ. ಸಿ.ಟಿ. ಸ್ಕ್ಯಾನ್ ಮಾಡಿ, ಹೆಪ್ಪೋ ರಕ್ತಸ್ರಾವವೋ ನೋಡಿ, ಸಾಮಾನ್ಯವಾಗಿ 4.5 ಗಂಟೆ ಒಳಗೆ ಕೊಡ್ಬೇಕು. ಫ್ಯಾಕ್ಟರಿ ಶಿಫ್ಟು 8 ಗಂಟೆ. ಲೆಕ್ಕ ನೀವೇ ಹಾಕಿ.

2023ರ ಆಗಸ್ಟ್ ಕೊನೇಲಿ ಎಚ್.ಡಿ. ಕುಮಾರಸ್ವಾಮಿಯವರಿಗೆ ಸ್ಟ್ರೋಕ್ ಲಕ್ಷಣ ಕಾಣಿಸಿದಾಗ ಬಿಡದಿ ತೋಟದಿಂದ ರಾತ್ರೋರಾತ್ರಿ ಜಯನಗರದ ಆಸ್ಪತ್ರೆ ಸೇರಿದ್ರು. ಕೆಲವೇ ದಿನಕ್ಕೆ ಮನೆಗೆ ಬಂದು, ಯಾರೂ ತಡ ಮಾಡಬೇಡಿ ಅಂತ ಜನಕ್ಕೂ ಹೇಳಿದ್ರು. ‘ಅವರು ದೊಡ್ಡೋರು, ಕಾರಿದೆ’ ಅಂತೀರಾ? ನಮಗೆ 108 ಇದೆ, 2008ರಿಂದ ಓಡ್ತಿದೆ, ದುಡ್ಡು ಕೊಡೋ ಹಂಗಿಲ್ಲ. ಹೊಸೂರು ರಸ್ತೇಲಿ ನಿಮ್ಹಾನ್ಸ್ ಇದೆ. ಫ್ಯಾಕ್ಟರಿಯೋರ ಇ.ಎಸ್.ಐ.ನಲ್ಲಿ ಹೆಂಡ್ತಿ ಮಕ್ಕಳೂ ಸೇರಿರ್ತಾರೆ. ಆ ಕಾರ್ಡಿನ ಜೆರಾಕ್ಸ್ ಯಾಕೆ ಬರೀ ಅವರ ಪರ್ಸಲ್ಲೇ ಇರ್ಬೇಕು? ಒಂದು ನಿಮ್ಮ ಬೀರುವಲ್ಲೂ ಇಡಿ.

ನಗು ಅಂದ್ರೆ ಬಾಯಿ ಒಂದು ಕಡೆ ಜೋತುಬಿತ್ತಾ? ಎರಡೂ ಕೈ ಎತ್ತು ಅಂದ್ರೆ ಒಂದು ಇಳೀತಾ? ಮಾತು ತೊದಲ್ತಾ? ಇದರಲ್ಲಿ ಒಂದು ಕಂಡ್ರೂ ಹೊರಡಿ. ನೀರೂ ಬೇಡ, ಕೈಗೆ ಸಿಕ್ಕ ಬಿ.ಪಿ. ಮಾತ್ರೆಯೂ ಬೇಡ. ಕೊನೇ ಸಲ ಎಷ್ಟು ಗಂಟೇಲಿ ಚೆನ್ನಾಗಿದ್ಲು ಅನ್ನೋದು ನೆನಪಿಟ್ಕೊಳ್ಳಿ, ಡಾಕ್ಟ್ರು ಅದನ್ನ ಕೇಳೇ ಕೇಳ್ತಾರೆ. ಹೊತ್ತು ಮೀರಿದೆ ಅನ್ನಿಸಿದ್ರೂ ಹೋಗಿ, ಏನು ಮಾಡಬಹುದು ಅಂತ ಅವರೇ ಹೇಳ್ಲಿ.

ಯಜಮಾನ್ರಿಗೆ ಆಂಬುಲೆನ್ಸಿಂದಾನೇ ಫೋನ್ ಮಾಡಿ. ಬೈಯೋದಿದ್ರೆ ಆಸ್ಪತ್ರೆಗೇ ಬಂದು ಬೈಲಿ.