ಜೈಲಿನ ಖರ್ಚು ಯಾರ ತಲೆ ಮೇಲೆ?

ತಿಂಗಳ ಕೊನೆ ಬಂತು ಅಂದರೆ ನಮ್ಮ ಹಾಸ್ಟೆಲುಗಳಲ್ಲಿ ಒಂದು ಮಾತು ಕೇಳಿಸುತ್ತೆ. "ರೀಚಾರ್ಜ್ ಮುಗಿದೋಯ್ತು ಕಣೋ. ಅವ್ವನ ಹತ್ರ ಎಲ್ಡು ನಿಮಿಷ ಮಾತಾಡ್ಕಂತೀನಿ, ಫೋನ್ ಕೊಡೋ." ಯಾರೂ ಇಲ್ಲ ಅನ್ನಲ್ಲ. ಹೆತ್ತವಳ ದನಿ ಕೇಳೋದಕ್ಕೂ ಕೈಯಲ್ಲಿ ಕಾಸಿರಬೇಕು ಅನ್ನುವ ಸಂಕಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಂಕಟವನ್ನೇ ಒಂದು ದೊಡ್ಡ ನಗರ ವರ್ಷಾನುಗಟ್ಟಲೆ ತನ್ನ ಆದಾಯದ ಬಾಬ್ತಿನಲ್ಲಿ ಬರೆದುಕೊಂಡಿತ್ತು. ಅದರ ಲೆಕ್ಕವನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇವೆ.

ಆ ನಗರ ನ್ಯೂಯಾರ್ಕ್. 1913ರಲ್ಲಿ ಬಾಬಾಸಾಹೇಬರು ಓದಲು ಹೋದರಲ್ಲ, ಅದೇ ಊರು. ಅಲ್ಲಿಯ ಈಸ್ಟ್ ನದಿಯಲ್ಲಿ ರೈಕರ್ಸ್ ಅಂತ ಒಂದು ದ್ವೀಪ. 1884ರಲ್ಲಿ ನಗರಾಡಳಿತ ಅದನ್ನು ಕೊಂಡಿತು. 1930ರ ದಶಕದಿಂದ ಅಲ್ಲಿ ಜೈಲು ನಡೆಸುತ್ತಿದೆ. ಒಳಗಿರುವವರಲ್ಲಿ ಬಹುಪಾಲು ಜನ ಕರಿಯರು, ಲ್ಯಾಟಿನೋಗಳು. ಬಹುಪಾಲು ಜನರ ಅಪರಾಧ ಇನ್ನೂ ಸಾಬೀತಾಗಿಲ್ಲ. ವಿಚಾರಣೆಗೆ ಕಾಯುತ್ತಾ ಕೂತವರು.

ಜೈಲಿನ ಬೀಗದ ಕೈ ನಗರದ ಹತ್ತಿರವೇ ಇದ್ದರೂ ಒಳಗಿನ ಕೆಲವು ಸೇವೆಗಳನ್ನು ಗುತ್ತಿಗೆಗೆ ಕೊಟ್ಟಿದ್ದರು. ಫೋನು ಸೆಕ್ಯೂರಸ್ ಅನ್ನುವ ಕಂಪನಿಗೆ. ವೈದ್ಯಕೀಯ 2015ರವರೆಗೂ ಕೊರೈಝಾನ್ ಅನ್ನುವ ಕಂಪನಿಗೆ.

ಫೋನಿನ ಗುತ್ತಿಗೆಯ ಒಳಗುಟ್ಟು ನೋಡಿ. ನಮ್ಮೂರಲ್ಲಿ ರಸ್ತೆ ಟೆಂಡರು ಕರೆದರೆ ಕಡಿಮೆ ದರ ಹಾಕಿದವನಿಗೆ ಕೆಲಸ. ಜೈಲಿನ ಫೋನಿನಲ್ಲಿ ಇದು ತಲೆಕೆಳಗು. ದುಡ್ಡು ಕೊಡುವುದು ನಗರವಲ್ಲ, ಕೈದಿಯ ಮನೆಯವರು. ಕಂಪನಿ ಅವರಿಂದ ವಸೂಲಿ ಮಾಡಿ ಅದರಲ್ಲಿ ಒಂದು ಪಾಲನ್ನು ನಗರದ ಖಜಾನೆಗೆ ಕಟ್ಟುತ್ತದೆ. ದರ ಏರಿದಷ್ಟೂ ಕಂಪನಿಗೂ ಲಾಭ, ನಗರಕ್ಕೂ ಲಾಭ. ಬಡವನ ಪರವಾಗಿ ಚೌಕಾಸಿ ಮಾಡಬೇಕಾದವನೇ ಅಂಗಡಿಯ ಪಾಲುದಾರನಾದರೆ ಚೌಕಾಸಿ ಮಾಡೋರು ಯಾರು?

ಮೊದಲ ನಿಮಿಷಕ್ಕೆ 50 ಸೆಂಟು, ಆಮೇಲೆ ನಿಮಿಷಕ್ಕೆ 5 ಸೆಂಟು. ಹದಿನೈದು ನಿಮಿಷ ಮಾತಾಡಿದರೆ ಒಂದು ಡಾಲರು ಇಪ್ಪತ್ತು ಸೆಂಟು, 2018ರ ಲೆಕ್ಕದಲ್ಲಿ ಎಂಬತ್ತು ರೂಪಾಯಿಯ ಮೇಲೆ. ಅಮೇರಿಕದಲ್ಲಿ ಇದೇನು ಮಹಾ ಅನ್ನಬೇಡಿ. ದಿನಾ ಒಂದು ಸಲ ಮಾತಾಡಿದರೆ ತಿಂಗಳಿಗೆ 36 ಡಾಲರು. ಮನೆಗೆಲಸ ಮಾಡುವ ತಾಯಿ, ಹೋಟೆಲಿನಲ್ಲಿ ತಟ್ಟೆ ತೊಳೆಯುವ ತಂಗಿ ಬಾಡಿಗೆಯಲ್ಲಿ, ಹಾಲಿನಲ್ಲಿ ಕಡಿತ ಮಾಡಿ ಇದನ್ನು ಕಟ್ಟಬೇಕು. ಹೀಗೆ ಕಟ್ಟಿದ್ದರಲ್ಲಿ ನಗರದ ಪಾಲಿಗೆ ವರ್ಷಕ್ಕೆ ಸುಮಾರು 50 ಲಕ್ಷ ಡಾಲರು ಬರುತ್ತಿತ್ತು.

ಈಗ ಆ ಖಜಾನೆಯ ಇನ್ನೊಂದು ಪುಟ ತಿರುವಿ. 2021ರಲ್ಲಿ ನಗರದ ಲೆಕ್ಕಾಧಿಕಾರಿಯ ಕಚೇರಿ ಒಂದು ಅಂಕಿ ಹೊರಗಿಟ್ಟಿತು. ಒಬ್ಬ ಕೈದಿಯನ್ನು ಒಂದು ವರ್ಷ ಇಟ್ಟುಕೊಳ್ಳಲು ನಗರಕ್ಕೆ ತಗಲುವ ಖರ್ಚು 5,56,539 ಡಾಲರು. ದಿನಕ್ಕೆ ಒಂದೂವರೆ ಸಾವಿರಕ್ಕೂ ಹೆಚ್ಚು. ಕೈದಿಗೇನು ಮೃಷ್ಟಾನ್ನ ಹಾಕುತ್ತಿರಲಿಲ್ಲ. ಕೈದಿಗಳ ಸಂಖ್ಯೆ ಇಳಿದಿತ್ತು, ಕಾವಲಿನವರ ಸಂಖ್ಯೆ ಹಾಗೆ ಇಳಿಯಲಿಲ್ಲ. ಆಗ ಕೈದಿಗಳಿಗಿಂತ ಕಾವಲಿನವರೇ ಹೆಚ್ಚಿದ್ದರು. ಇಷ್ಟು ಸುರಿಯುವ ನಗರಕ್ಕೆ ತಾಯಿಯ ಐದು ಸೆಂಟು ಯಾಕೆ ಬೇಕಿತ್ತು?

ಒಬ್ಬ ಹುಡುಗನ ಕತೆ ಹೇಳಲೇಬೇಕು. ಕಲೀಫ್ ಬ್ರೌಡರ್. 2010ರಲ್ಲಿ ಅವನಿಗೆ ಹದಿನಾರು ವರ್ಷ, ನಮ್ಮ ಪಿಯುಸಿ ಹುಡುಗರ ವಯಸ್ಸು. ಬೆನ್ನಿಗೆ ಹಾಕುವ ಚೀಲ ಕದ್ದ ಅಂತ ಹಿಡಿದರು. ಜಾಮೀನು 3,000 ಡಾಲರು. ಮನೆಯವರಿಂದ ಹೊಂದಿಸಲಾಗಲಿಲ್ಲ. ಆಮೇಲೆ ಜಾಮೀನೇ ಇಲ್ಲ ಅಂದರು. ಮೂರು ವರ್ಷ ರೈಕರ್ಸಿನಲ್ಲಿ ಕೊಳೆಹಾಕಿದರು, ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಕೋಣೆ. ವಿಚಾರಣೆ ನಡೆಯಲೇ ಇಲ್ಲ. 2013ರಲ್ಲಿ ಕೇಸು ಕೈಬಿಟ್ಟು ಹೊರಗೆ ಕಳಿಸಿದರು. 2015ರಲ್ಲಿ ಅವನು ತನ್ನ ಜೀವ ತಾನೇ ತೆಗೆದುಕೊಂಡ. ಇಪ್ಪತ್ತೆರಡು ವರ್ಷ. ಅವನು ಒಳಗಿದ್ದ ಕಾಲದಲ್ಲಿ, 2012ರಲ್ಲಿ, ಒಬ್ಬ ಕೈದಿಯ ವರ್ಷದ ಖರ್ಚು 1,67,731 ಡಾಲರು ಅಂತ ನಗರದ ಆಯವ್ಯಯ ಕಚೇರಿಯೇ ಲೆಕ್ಕ ಹಾಕಿತ್ತು. ಮೂರು ಸಾವಿರ ಹುಟ್ಟದ ಮನೆಯ ಮಗನನ್ನು ಕೂಡಿಹಾಕಲು ಲಕ್ಷ ಲಕ್ಷ ಹುಟ್ಟುತ್ತದೆ. ಆಳುವವರಿಗೆ ದುಡ್ಡಿಲ್ಲ ಅನ್ನುವ ಮಾತು ಸುಳ್ಳು. ಯಾವುದಕ್ಕೆ ಬಿಚ್ಚಬೇಕು, ಯಾವುದಕ್ಕೆ ಬಿಗಿ ಹಿಡಿಯಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಆದರೆ ಗೆಳೆಯರೇ, ಅತ್ತು ಕೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಜೈಲಿಗೆ ಹೋಗಿಬಂದವರು, ಅವರ ತಾಯಂದಿರು, ವಕೀಲರು ಸೇರಿ ಆ ಫೋನಿನ ಗುತ್ತಿಗೆಯನ್ನು ಬೀದಿಗೆ ತಂದರು. 2018ರಲ್ಲಿ ನ್ಯೂಯಾರ್ಕ್ ನಗರಸಭೆ ಕಾನೂನು ಮಾಡಬೇಕಾಯಿತು: ಕೈದಿಯ ಕರೆಗೆ ದುಡ್ಡು ಕೇಳಕೂಡದು, ಅದರಿಂದ ನಗರ ಆದಾಯ ಪಡೆಯಕೂಡದು. 2019ರ ಮೇ 1ರಿಂದ ಕರೆ ಬಿಟ್ಟಿ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೂಡ ಅದನ್ನೇ ಮಾಡಿತು.

ಇದಕ್ಕೂ ಮುಂಚೆ ದಾರಿ ಕಡಿದವಳು ವಾಷಿಂಗ್ಟನ್ನಿನ ಒಬ್ಬ ಅಜ್ಜಿ, ಮಾರ್ಥಾ ರೈಟ್. ನಿವೃತ್ತ ನರ್ಸ್. ಕಣ್ಣು ಕಾಣದು, ಕಾಗದ ಬರೆಯುವ ಹಾಗಿಲ್ಲ. ದೂರದ ಜೈಲುಗಳಲ್ಲಿದ್ದ ಮೊಮ್ಮಗನ ಜೊತೆ ಉಳಿದಿದ್ದು ಫೋನಿನ ನಂಟು ಒಂದೇ. ಆ ದರದ ವಿರುದ್ಧ 2000ದಲ್ಲಿ ಕೋರ್ಟು ಹತ್ತಿದಳು. 2013ರಲ್ಲಿ ಅಂತರರಾಜ್ಯ ಕರೆಗಳಿಗೆ ಮಿತಿ ಬಂತು. 2015ರಲ್ಲಿ ಅಜ್ಜಿ ತೀರಿಕೊಂಡಳು. 2023ರಲ್ಲಿ ಅವಳ ಹೆಸರು ಹೊತ್ತ ಕಾನೂನಿಗೆ ರಾಷ್ಟ್ರಾಧ್ಯಕ್ಷರ ಸಹಿ ಬಿತ್ತು. ಆ ಕಾನೂನಿನ ಪ್ರಕಾರ 2024ರಲ್ಲಿ ಅಲ್ಲಿಯ ಸಂಪರ್ಕ ಆಯೋಗ ದರ ಇಳಿಸಿತು. 2025ರಲ್ಲಿ ಅದೇ ಆಯೋಗ ಮೊದಲು ಗಡುವು ಮುಂದೂಡಿತು, ಆಮೇಲೆ ಮಿತಿಯನ್ನು ಮೇಲಕ್ಕೆತ್ತಿತು. ಗೆದ್ದೆವು ಅಂತ ಮಲಗಿದರೆ ಹೀಗೇ ಆಗೋದು.

ಇನ್ನೊಂದು ಪಾಠವೂ ಉಂಟು. ವೈದ್ಯಕೀಯದ ಗುತ್ತಿಗೆಯನ್ನು 2015ರಲ್ಲಿ ನಗರ ಮುಂದುವರಿಸಲಿಲ್ಲ. ತನ್ನದೇ ಸಾರ್ವಜನಿಕ ಆಸ್ಪತ್ರೆ ನಿಗಮಕ್ಕೆ ವಹಿಸಿತು. ಸರಿಯಾದದ್ದೇ. ಆದರೂ 2022 ಒಂದೇ ವರ್ಷದಲ್ಲಿ ಆ ನಗರದ ಜೈಲುಗಳಿಗೆ ಸೇರಿದ 19 ಜನ ಸತ್ತರು. ಕಂಪನಿಯನ್ನು ಓಡಿಸಿದ ಮಾತ್ರಕ್ಕೆ ಜೈಲು ಮನುಷ್ಯರ ಜಾಗ ಆಗುವುದಿಲ್ಲ. ಯಾರನ್ನು ಒಳಗೆ ಹಾಕುತ್ತಾರೆ, ಎಷ್ಟು ದಿನ ಹಾಕುತ್ತಾರೆ ಅನ್ನುವುದೂ ಬದಲಾಗಬೇಕು.

ಈಗ ನಮ್ಮ ದೇಶದ ಕಡೆ ತಿರುಗೋಣ. 2022ರ ಕೊನೆಗೆ ಭಾರತದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ಕರಲ್ಲಿ ಮೂರು ಪಾಲು. ಜಾಮೀನು ಸಿಕ್ಕರೂ ದುಡ್ಡಿಲ್ಲದೆ ಒಳಗೇ ಉಳಿಯುವವರಿದ್ದಾರೆ ಅಂತ ಕೇಂದ್ರ ಸರ್ಕಾರವೇ ಒಪ್ಪಿ 2023ರಲ್ಲಿ ಒಂದು ಯೋಜನೆ ಮಾಡಿತು. ಬಡ ವಿಚಾರಣಾಧೀನನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತನಿಗೆ 25,000 ರೂಪಾಯಿವರೆಗೆ ನೆರವು ಅಂತ ಆಗ ಗೊತ್ತುಮಾಡಿತ್ತು. ನಿಮ್ಮ ಊರಿನ, ನಿಮ್ಮ ಕೇರಿಯ ಎಷ್ಟು ಮನೆಗೆ ಈ ಸುದ್ದಿ ಮುಟ್ಟಿದೆ?

ನಮ್ಮ ಜೈಲುಗಳಲ್ಲಿ ಒಂದು ಗುತ್ತಿಗೆ ಮಾತ್ರ ಟೆಂಡರಿಲ್ಲದೆ, ಸಹಿ ಇಲ್ಲದೆ ನಡೆದುಕೊಂಡು ಬಂದಿತ್ತು. ಕಕ್ಕಸು ತೊಳೆಯೋನು ಯಾರು, ಅಡುಗೆ ಮಾಡೋನು ಯಾರು ಅಂತ ಎಷ್ಟೋ ರಾಜ್ಯಗಳ ಜೈಲು ಕೈಪಿಡಿಗಳು ಜಾತಿ ನೋಡಿ ಗೊತ್ತುಮಾಡುತ್ತಿದ್ದವು. ಒಬ್ಬ ಪತ್ರಕರ್ತೆ ಹಾಕಿದ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಆ ನಿಯಮಗಳನ್ನು ರದ್ದು ಮಾಡಿತು, ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಂ ಅಳಿಸಿ ಅಂದಿತು. ಸ್ವಾತಂತ್ರ್ಯ ಬಂದು ಎಪ್ಪತ್ತೇಳು ವರ್ಷ ಆದ ಮೇಲೆ! ಅಷ್ಟು ವರ್ಷ ನಮ್ಮವರ ಕೈಯಿಂದ ತೊಳೆಸಿದ್ದರ ಬೆಲೆಯನ್ನು ಯಾವ ಬಜೆಟ್ಟಿನಲ್ಲಿ ಹುಡುಕೋಣ?

ಗೆಳೆಯರೇ, ಘೋಷಣೆ ಕೂಗಲು ಕಲಿತಿದ್ದೀರಿ, ಒಳ್ಳೆಯದು. ಗುತ್ತಿಗೆಯ ಕಾಗದ ಓದುವುದನ್ನೂ ಕಲಿಯಿರಿ. ದುಡ್ಡು ಯಾರ ಜೇಬಿನಿಂದ ಹೊರಟು ಯಾರ ಜೇಬು ಸೇರುತ್ತದೆ ಅಂತ ಬೆರಳಿಟ್ಟು ನೋಡಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ಜಿಲ್ಲೆಯ ಜೈಲಿನಲ್ಲಿ ಆ ಜಾತಿ ಕಾಲಂ ಅಳಿಸಿದ್ದಾರಾ ಕೇಳಿ. 2023ರ ಯೋಜನೆಯಲ್ಲಿ ಎಷ್ಟು ಜನಕ್ಕೆ ನೆರವು ಕೊಟ್ಟರು ಕೇಳಿ. ಉತ್ತರ ಬಂದರೆ ಅದನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿ, ಕೇರಿಯಲ್ಲಿ ಓದಿ ಹೇಳಿ. ಬರದಿದ್ದರೆ ಮೇಲ್ಮನವಿ ಹಾಕಿ. ಕಣ್ಣು ಕಾಣದ ಒಬ್ಬ ಅಜ್ಜಿ ಹದಿನೈದು ವರ್ಷ ಬಿಡದೆ ಹಿಡಿದು ನಿಂತಳು. ನಮಗೆ ಕಣ್ಣಿದೆ, ವಯಸ್ಸಿದೆ, ಅಕ್ಷರ ಬಂದಿದೆ.